ನೀಲಿ ಕುರ್ಚಿ ಮತ್ತು ಸಣ್ಣಮ್ಮನ ಕೋಳಿ

ಪೆರುಂಗುಡಿ, ಚೆನ್ನೈ
೧ ಫೆಬ್ರವರಿ ೨೦೨೬, ಭಾನುವಾರ

ಪ್ರೀತಿಯ ಪ್ರೇರಣಾ,

ದೇವರನ್ನು ನಂಬದ ಮಗಳಿಗೆ ಆಶೀರ್ವಾದ ಹೇಗೆ ಬರೆಯುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕುಳಿತಿದ್ದೆ. ನಂಜುಂಡೇಶ್ವರನನ್ನು ಮಧ್ಯೆ ತರುವುದಿಲ್ಲ. ಇದು ನೇರವಾಗಿ ನನ್ನ ಕಡೆಯಿಂದಲೇ ಬರುತ್ತಿರುವ ಆಶೀರ್ವಾದ, ತೆಗೆದುಕೋ. ಇಲ್ಲಿ ನಾನೂ ನಿಮ್ಮಪ್ಪನೂ ಚೆನ್ನಾಗಿದ್ದೇವೆ. ಅಕ್ಷರ ದಪ್ಪದಪ್ಪ ಬಂದಿದೆ ಎಂದು ನಗಬೇಡ, ಹೊಸ ಪೆನ್ನು.

ನೀನು ವಾಟ್ಸಾಪ್‌ನಲ್ಲಿ ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಬಹುದಿತ್ತು. ಆದರೆ ನನ್ನ ವಾಯ್ಸ್ ಮೆಸೇಜುಗಳನ್ನು ನೀನು ಪೂರ್ತಿ ಕೇಳುವುದಿಲ್ಲ ಎಂಬ ಅನುಮಾನ ನನಗೆ ಬಹಳ ದಿನದಿಂದ ಇತ್ತು. ಪರೀಕ್ಷೆ ಮಾಡಿಯೇ ಬಿಡೋಣವೆಂದು ಹೋದ ತಿಂಗಳು ಒಂದು ಮೆಸೇಜಿನ ಕೊನೆಯಲ್ಲಿ ನಿಮ್ಮಪ್ಪ ಮೀಸೆ ಬೋಳಿಸಿಬಿಟ್ಟರು ಎಂದು ಸುಳ್ಳು ಸೇರಿಸಿದೆ. ನೀನು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾದೆ. ಮೂವತ್ತು ವರ್ಷದ ಮೀಸೆ ಹೋದರೆ ಯಾವ ಮಗಳಾದರೂ ಒಂದು ಮಾತು ಕೇಳುತ್ತಾಳೆ. ಅದಕ್ಕೇ ಕಾಗದದಲ್ಲಿ ಬರೆದು ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿಯ ಜೊತೆ ಕೊರಿಯರ್ ಮಾಡುತ್ತಿದ್ದೇನೆ. ಡಬ್ಬಿ ತೆರೆಯದೆ ನೀನು ಇರಲಾರೆ. ಶಾಲೆಗೆ ಹೋಗುವಾಗ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದವಳು ನೀನು. ಈಗ ಕನ್ನಡದಲ್ಲಿ ಕರಪತ್ರ ಬರೆಯುತ್ತೀಯಂತೆ. ಅಮ್ಮನ ಕಾಗದ ಓದುವುದು ಕಷ್ಟವಾಗಲಾರದು.

ನೀನು ಕೇಳಿದ್ದು ನನಗೆ ಅರ್ಥವಾಗಿರುವುದು ಹೀಗೆ. ನಮ್ಮ ವಾರ್ಡಿನ ಕೌನ್ಸಿಲರ್ ತಿರುಮಲ ನಿಮ್ಮ ಪಕ್ಷದವನು. ಬೇರೆ ಕಡೆ ಕೆಂಪು ಬಾವುಟ ಕಂಡರೆ ಮುಖ ತಿರುಗಿಸುವ ಜನ ಇಲ್ಲಿ ಇವನಿಗಾಗಿ ಜೀವ ಬಿಡುತ್ತಾರೆ. ಮನೆಮಾತು ಕನ್ನಡ. ಆದ್ದರಿಂದ ನಿಮ್ಮ ಹಿರಿಯರಿಗೆ ಒಂದು ಯೋಚನೆ ಬಂದಿದೆ: ಇವನು ನಂಜನಗೂಡಿಗೆ ಬಂದು ಮನೆ ಮಾಡಲಿ, ಅಲ್ಲೇ ವೋಟರ್ ಆಗಲಿ, ಮುಂದಿನ ಚುನಾವಣೆಗೆ ನಿಲ್ಲಲಿ. ಅಲ್ಲಿ ಏಳು ವರ್ಷ ಗಾರ್ಮೆಂಟ್ಸ್ ಹೆಂಗಸರ ಸಂಘ ಕಟ್ಟಿದವಳು ನೀನು. ಟಿಕೆಟ್ ನಿನಗೇ ಎಂದು ನೀನೂ ಅಂದುಕೊಂಡಿದ್ದೆ, ನಾವೂ ಅಂದುಕೊಂಡಿದ್ದೆವು. ಬರುವ ಭಾನುವಾರ ಸಮಿತಿಯವರು ನಿನ್ನ ಅಭಿಪ್ರಾಯ ಕೇಳುತ್ತಾರೆ. ಅದಕ್ಕೆ ಮೊದಲು ನಿನಗೆ ಗೊತ್ತಾಗಬೇಕಾದದ್ದು, ಈ ಮನುಷ್ಯ ನಿಜವೋ ನಾಟಕವೋ, ಇಲ್ಲಿ ನಡೆದದ್ದು ಅಲ್ಲಿ ನಡೆಯುತ್ತದೋ ಇಲ್ಲವೋ.

ಇಷ್ಟು ವರ್ಷ ಬೇಡವಾಗಿದ್ದ ಅಮ್ಮನ ಅಭಿಪ್ರಾಯ ಈಗ ಬೇಕಾಯಿತಲ್ಲ, ಅದೂ ಅನುಮಾನದ ವಿಷಯವೇ. ಇರಲಿ, ಸರಿಯಾದವಳನ್ನೇ ಕೇಳಿದ್ದೀಯ. ಮನೆಮನೆಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ಒಯ್ಯುವ ಕೆಲಸದಲ್ಲಿ ನನ್ನ ತಲೆ ನರೆತಿದೆ. ಸಿಹಿ ಮುಟ್ಟಿಯೇ ಇಲ್ಲ ಅಕ್ಕಾ ಎಂದು ಬಾಯಿ ಹೇಳುತ್ತದೆ, ಮೈಸೂರ್‌ಪಾಕು ತಿಂದೆ ಎಂದು ರಕ್ತ ಹೇಳುತ್ತದೆ. ನಾನು ಬಾಯಿಯನ್ನು ನಂಬುವುದು ಬಿಟ್ಟು ಎಷ್ಟೋ ಕಾಲವಾಯಿತು.

ತಿರುಮಲನ ಅಜ್ಜ ಪ್ಯಾರೀಸ್ ಕಾರ್ನರ್‌ನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದರಂತೆ. ಮೂರು ತಲೆಮಾರಿನಿಂದ ಇಲ್ಲೇ ಇರುವ ವೈಷ್ಣವರು. ಅವನ ಕನ್ನಡ ಅರ್ಧ ತಮಿಳು, ಉಳಿದರ್ಧ ನನಗೂ ತಿಳಿಯದ ಯಾವುದೋ ಹಳೆಯ ಮದರಾಸು ಮಾತು. ನನ್ನ ಹೆಸರು ನಂಜಮ್ಮಣ್ಣಿ ಎಂದು ಗೊತ್ತಾದ ದಿನ ಅವನು ಬಿದ್ದುಬಿದ್ದು ನಕ್ಕ. ತಮಿಳಿನಲ್ಲಿ ನಂಜು ಎಂದರೆ ವಿಷ, ಸೂಜಿ ಚುಚ್ಚುವವರ ಹೆಸರಿನಲ್ಲೇ ವಿಷ ಇಟ್ಟುಕೊಂಡಿದ್ದೀರಲ್ಲ ಅಮ್ಮಾ ಎಂದ. ಅಂದಿನಿಂದ ವಾರಕ್ಕೊಮ್ಮೆಯಾದರೂ ಕನ್ನಡ ಮಾತಾಡಲೆಂದು ಮನೆಗೆ ಬರುತ್ತಾನೆ, ಕಾಫಿ ಕುಡಿಯುತ್ತಾನೆ, ನಿಮ್ಮಪ್ಪನ ಕೈಯಿಂದ ಪೇಪರ್ ಕಿತ್ತುಕೊಂಡು ಓದುತ್ತಾನೆ. ಲೋಟವನ್ನು ತಾನೇ ತೊಳೆದಿಟ್ಟು ಹೋಗುತ್ತಾನೆ. ಕೌನ್ಸಿಲರ್ ಲೋಟ ತೊಳೆದರೆ ನಿಮ್ಮಪ್ಪನಿಗೆ ಕಣ್ಣಲ್ಲಿ ನೀರು. ನನಗೆ ಮಾತ್ರ, ತನ್ನ ಮನೆಯಲ್ಲಿ ತೊಳೆಯುತ್ತಾನೋ ಇಲ್ಲವೋ ಎಂಬ ಪ್ರಶ್ನೆ.

ಇನ್ನು ಅವನ ಕುರ್ಚಿಯ ವಿಷಯ. ಪ್ರತಿ ಭಾನುವಾರ ಬೆಳಿಗ್ಗೆ ರೇಷನ್ ಅಂಗಡಿಯ ಎದುರು ನೀಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಯಾರು ಬೇಕಾದರೂ ಬಂದು ಬೈಯಬಹುದು. ಬೈಯುವಾಗ ಅವನು ಬಾಯಿ ತೆರೆಯುವಂತಿಲ್ಲ. ಕಾರಣ ಹೇಳುವಂತಿಲ್ಲ, ನಗುವಂತಿಲ್ಲ. ಮುಂದಿನ ಭಾನುವಾರ ಕೂರುವ ಮೊದಲು ಎದ್ದು ನಿಂತು, ಹಿಂದಿನ ವಾರದ ಬೈಗುಳಕ್ಕೆ ಏನು ಮಾಡಿದೆ, ಏನು ಮಾಡಲಾಗಲಿಲ್ಲ ಎಂದು ಹೇಳಬೇಕು. ತಮಿಳಿನಲ್ಲಿ ಬೈಯುವುದಕ್ಕೆ ತಿಟ್ಟುವುದು ಎನ್ನುತ್ತಾರಲ್ಲ, ಅದಕ್ಕೇ ಜನ ಅದನ್ನು ತಿಟ್ಟು ಕುರ್ಚಿ ಎಂದು ಕರೆಯುತ್ತಾರೆ. ಅವನ ಗೆಲುವಿನ ಗುಟ್ಟೆಲ್ಲ ಆ ಕುರ್ಚಿಯಲ್ಲಿದೆ ಎಂದು ಎಲ್ಲರೂ ಹೇಳುತ್ತಾರೆ. ನಿಮ್ಮ ಪಕ್ಷದ ದೊಡ್ಡವರೂ ಅದರ ವಿಡಿಯೋ ನೋಡಿಯೇ ಮರುಳಾಗಿರುವುದು.

ನನಗೆ ಮೊದಲಿಗೆ ಅನ್ನಿಸಿದ್ದು, ಇವರೆಲ್ಲ ಬೈಯಲು ಗೊತ್ತು ಮಾಡಿದ ಜನ. ಬೆಳ್ಳಗಿರುವುದೆಲ್ಲ ಹಾಲಲ್ಲ. ಒಂದು ಭಾನುವಾರ ಮೀನು ಮಾರುವ ಹೆಂಗಸೊಬ್ಬಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದು, ‘ಯೋವ್ ಕೌನ್ಸಿಲರು, ತಣ್ಣಿ ಲಾರಿ ವರ್ರ ನೇರತ್ತುಲ ಮೀಟಿಂಗಾ ಪೋಡುವೆ?’ ಎಂದು ಶುರು ಮಾಡಿದಳು. ನೀರಿನ ಲಾರಿ ಬರುವ ಹೊತ್ತಿಗೆ ಮೀಟಿಂಗ್ ಇಟ್ಟರೆ ನಾವು ಕೊಡ ಹಿಡಿಯಬೇಕೋ ನಿನ್ನ ಬಾಯಿ ನೋಡಬೇಕೋ ಎಂದು ಅವಳ ಪ್ರಶ್ನೆ. ಅವನ ಅಪ್ಪ, ಅವನ ಪಕ್ಷ, ಅವನ ಹೊಸ ಚಪ್ಪಲಿ, ಯಾವುದನ್ನೂ ಬಿಡಲಿಲ್ಲ. ಮಾರನೇ ದಿನ ಅವಳ ಗಂಡನ ರಕ್ತ ತೆಗೆಯಲು ಹೋದಾಗ ನಾನು ಮೆಲ್ಲಗೆ ಮಾತಿಗೆಳೆದೆ, ನಿನ್ನೆಯದು ಚೆನ್ನಾಗಿತ್ತು, ಯಾರು ಹೇಳಿಕೊಟ್ಟರು ಎಂದು. ಅವಳು ನನಗೂ ಶುರು ಮಾಡಿದಳು. ಅದು ಹೇಳಿಕೊಟ್ಟ ಬೈಗುಳವಲ್ಲ. ಮುಂದಿನ ವಾರದಿಂದ ಮೀಟಿಂಗಿನ ಹೊತ್ತು ಬದಲಾಯಿತು, ಅದನ್ನೂ ನೋಡಿದೆ.

ಹಾಗಾಗಿ ಕುರ್ಚಿ ನಿಜ, ಅಷ್ಟು ಒಪ್ಪುತ್ತೇನೆ. ಮನುಷ್ಯನ ಬಗ್ಗೆ ನನ್ನ ಅನುಮಾನ ಹೋಗಿಲ್ಲ. ಯಾರ ಮನೆಯಲ್ಲಿ ಆಸ್ಪತ್ರೆ ಎಂದರೂ ಇವನು ಮೊದಲು ಹಾಜರು. ನಿಮ್ಮಪ್ಪ ಅದನ್ನು ಪ್ರೀತಿ ಎನ್ನುತ್ತಾರೆ, ನಾನು ಓಟು ಎನ್ನುತ್ತೇನೆ. ಜನ, ಜನ ಎಂದು ದಿನಕ್ಕೆ ನೂರು ಸಲ ಹೇಳುವವರನ್ನು ಕಂಡರೆ ನನಗೆ ಅವರ ಮನೆಯ ಜನ ನೆನಪಾಗುತ್ತಾರೆ.

ಅವನ ತಾಯಿಯ ವಿಷಯ ಬರೆಯಬಾರದು ಅಂದುಕೊಂಡಿದ್ದೆ, ಆದರೆ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಆಕೆ ಮಗನನ್ನು ಹಡೆದು, ಓದಿಸಿ, ಊರಿಗೆ ದಾನ ಮಾಡಿದ್ದಾಳೆ. ಊರಿನವರ ಬೈಗುಳ ಕೇಳಲು ಪುರುಸೊತ್ತಿರುವ ಮಹಾನುಭಾವನಿಗೆ ತಾಯಿಯ ಫೋನ್ ಬಂದರೆ ಮಾತ್ರ ಮೀಟಿಂಗ್ ಇರುತ್ತದೆ. ಆಮೇಲೆ ಮಾಡುತ್ತೇನೆ ಎನ್ನುತ್ತಾನೆ, ಆ ಆಮೇಲೆ ಬರುವುದೇ ಇಲ್ಲ. ಡಿಸೆಂಬರಿನಲ್ಲಿ ಆಕೆಗೆ ಕಣ್ಣಿನ ಆಪರೇಷನ್ ಆಯಿತು. ಹಿಂದಿನ ದಿನ ಭಯವಾಗಿ ಫೋನ್ ಮಾಡಿದರೆ ಅದೇ ಉತ್ತರ, ಮೀಟಿಂಗ್. ಆಕೆಯೂ ಹಟಮಾರಿಯೇ ಎನ್ನು, ಮತ್ತೆ ಮಾಡಲಿಲ್ಲ, ವಿಷಯವನ್ನೂ ಹೇಳಲಿಲ್ಲ. ಯಜಮಾನರು ಮನೆಯಲ್ಲೇ ಇರುತ್ತಾರೆ ನಿಜ, ಆದರೆ ಪೇಪರ್ ಓದುವ ಗಂಡಸಿನ ಹತ್ತಿರ ಭಯ ಹೇಳಿಕೊಳ್ಳುವುದು ಹೇಗೆ? ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಾಗಿಲ ಬಳಿ ಕುರ್ಚಿ ಹಾಕಿ ಕೂರುತ್ತಿದ್ದಳು, ಲಿಫ್ಟ್ ನಿಂತ ಸದ್ದಾದಾಗಲೆಲ್ಲ ಕತ್ತು ಎತ್ತುತ್ತಿದ್ದಳು. ಊರಿಗೆ ಉಪಕಾರಿ, ಮನೆಗೆ ಮಾರಿ. ಇಂಥವನನ್ನು ನಂಜನಗೂಡಿಗೆ ಕರೆಸಿಕೊಳ್ಳುವ ಮೊದಲು ನೀನು ಎರಡು ಸಲ ಯೋಚಿಸಬೇಕು. ಅಷ್ಟು ಬರೆದೆ, ಮುಂದಕ್ಕೆ ಹೋಗುತ್ತೇನೆ.

ಪೊಂಗಲ್ ಕಳೆದ ಮೇಲೆ ಅವನು ನಿಮ್ಮೂರಿಗೆ ಬಂದು ಕುರ್ಚಿ ಹಾಕಿದ್ದು ನಿನಗೇ ಗೊತ್ತು. ಆದರೆ ಇಲ್ಲಿಗೆ ಬಂದು ಅವನು ಏನು ಹೇಳಿದ ಎಂಬುದು ನಿನಗೆ ಗೊತ್ತಿಲ್ಲ. ನೇರವಾಗಿ ನಮ್ಮ ಮನೆಗೇ ಬಂದ, ಚೀಲದಲ್ಲಿ ರಸಬಾಳೆ. ಮುಖ ಅರಳಿತ್ತು. ಗಾರ್ಮೆಂಟ್ಸ್ ಗೇಟಿನ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತನಂತೆ. ಅಯ್ಯೋ, ಇದರಲ್ಲಿ ಕೂರುವುದೆ ಎಂದು ಯಾರೋ ಓಡಿ ಹೋಗಿ ಮರದ ಕುರ್ಚಿ ತಂದರಂತೆ. ಇನ್ನೊಬ್ಬರು ಮೇಜು, ಮೇಜಿಗೆ ಬಟ್ಟೆ, ಮತ್ತೊಬ್ಬರು ಕಾಫಿ. ಬೈಯಿರಿ, ಬೈಯಿರಿ ಎಂದು ಇವನು ಕೈಮುಗಿದು ಕೇಳಿದರೆ ಅವರು ಮೈಸೂರು ಪೇಟ ತೊಡಿಸಿ ಶಾಲು ಹೊದಿಸಿದರು. ಒಬ್ಬ ಹಿರಿಯರು, ‘ನಿಮ್ಮಂತೋರು ನಮ್ಮೂರ್ಗೆ ಬಂದದ್ದೇ ನಮ್ ಪುಣ್ಯ ಸಾ, ನಮ್ಗೇನ್ ಕಮ್ಮಿ ಆಗದೆ’ ಎಂದರಂತೆ. ಇವನು ಪೇಟ ಹೊತ್ತುಕೊಂಡು ಮಧ್ಯಾಹ್ನದವರೆಗೆ ಕೂತಿದ್ದ. ಒಂದು ದೂರೂ ಬರಲಿಲ್ಲ. ಅಲ್ಲಿನ ಜನಕ್ಕೆ ಕೋಪವೇ ಇಲ್ಲ ಅಮ್ಮಾ, ಪ್ರೀತಿ ಮಾತ್ರ, ಆ ಊರಿನಲ್ಲಿ ನಿಂತರೆ ಗೆದ್ದ ಹಾಗೆಯೇ ಎಂದು ನಿಮ್ಮಪ್ಪನ ಕೈ ಕುಲುಕಿದ. ಪೇಟವನ್ನು ನಮ್ಮ ಶೋಕೇಸಿನಲ್ಲೇ ಇಟ್ಟು ಹೋಗಿದ್ದಾನೆ.

ಅವನು ಹೋದ ಮೇಲೆ ನಾನು ಒಲೆ ಮುಂದೆ ನಿಂತುಕೊಂಡು ನಕ್ಕೆ. ಚೆನ್ನೈಯವನಿಗೆ ಬೈಗುಳವೆಂದರೆ ಎದುರಿಗೆ ನಿಂತು, ಕೈ ಬೀಸಿ, ಬೀದಿಗೆಲ್ಲ ಕೇಳುವಂತೆ ಬೈಯುವುದು. ಅದು ಬರಲಿಲ್ಲವಾದರೆ ಕೋಪವಿಲ್ಲ ಎಂದೇ ಲೆಕ್ಕ. ನಾವು ನಂಜನಗೂಡಿನವರು ಹಾಗಲ್ಲ. ನಾವು ಮನೆ ಬಾಗಿಲಿಗೆ ಬಂದವರ ಮುಖ ನೋಡಿ ಬೈದವರಲ್ಲ. ಆಗಲಿ ನೋಡುವ, ಕುಂತ್ಕಳಿ, ಕಾಪಿ ಕುಡೀರಿ, ಇಷ್ಟೇ. ಕೋಪ ಇರುತ್ತದೆ, ಅದು ಹೋಗುವ ದಾರಿ ಬೇರೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ನನ್ನ ಅವ್ವ ಪಕ್ಕದ ಮನೆಯವರ ಮೇಲೆ ಸಿಟ್ಟಾದರೆ ಬೇಲಿಯ ಹತ್ತಿರ ಹಸು ಕಟ್ಟಿ ಅದಕ್ಕೆ ಬೈಯುತ್ತಿದ್ದಳು. ಹಸುವಿಗೆ ಏನೂ ಆಗುತ್ತಿರಲಿಲ್ಲ, ಪಕ್ಕದ ಮನೆಯವರು ಸಂಜೆಯೊಳಗೆ ತಪ್ಪು ತಿದ್ದಿಕೊಳ್ಳುತ್ತಿದ್ದರು. ಕೇಳಬೇಕಾದವರಿಗೆ ಕೇಳುವಂತೆ ಬೈಯಬೇಕು, ಆದರೆ ಅವರಿಗೆ ಬೈದಂತೆ ಇರಬಾರದು. ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ನಿನ್ನ ಮೆಸೇಜಿನಲ್ಲಿ ನೀನೂ ನಕ್ಕಿದ್ದೀಯ. ಅವನು ಇಲ್ಲಿ ಪೂರ್ತಿ ಮಣ್ಣು ಮುಕ್ಕಿದ, ಪೇಟ ತೊಡಿಸಿದ್ದನ್ನೇ ಪ್ರೀತಿ ಅಂದುಕೊಂಡ, ಹೊರಗಿನವರಿಗೆ ತೋರಿಸುವ ಮರ್ಯಾದೆ ಅದು ಎಂದು ಅವನಿಗೆ ತಿಳಿಯಲೇ ಇಲ್ಲ ಎಂದು ಬರೆದಿದ್ದೀಯ. ಸರಿ. ಅದರ ಕೆಳಗೇ ಇನ್ನೊಂದು ಸಾಲು ಬರೆದಿದ್ದೀಯ, ನಾನು ಅದನ್ನು ಎಷ್ಟು ಸಲ ಓದಿದೆನೋ. ನನ್ನನ್ನು ಇಲ್ಲಿಯವರು ಮಗಳ ಹಾಗೆ ನೋಡಿಕೊಳ್ಳುತ್ತಾರೆ, ಏಳು ವರ್ಷದಲ್ಲಿ ಒಬ್ಬರೂ ನನಗೆ ಒಂದು ಮಾತು ಎದುರಾಡಿಲ್ಲ, ಎಂದು.

ಪ್ರೇರಣಾ, ಆ ಸಾಲು ಓದಿದ ಮೇಲೆ ನನ್ನ ನಗು ನಿಂತುಹೋಯಿತು.

ಒಂದು ಮಾತೂ ಎದುರಾಡಿಲ್ಲವೆ? ಮಗಳ ಹಾಗೆ ನೋಡಿಕೊಂಡಿದ್ದರೆ ಬೈಯುತ್ತಿರಲಿಲ್ಲವೆ? ನಾನು ನಿನಗೆ ಬೈಯದೆ ಒಂದು ದಿನ ಊಟ ಹಾಕಿದ್ದೇನೆಯೆ? ತಿರುಮಲನ ಮೌನದ ಮಧ್ಯಾಹ್ನ ನಿನಗೆ ಅರ್ಥವಾಗುತ್ತದೆ, ನಿನ್ನ ಮೌನದ ಏಳು ವರ್ಷ ಅರ್ಥವಾಗುವುದಿಲ್ಲ. ಅವನಿಗೆ ಪೇಟ ತೊಡಿಸಿದರು, ನಿನ್ನ ಮೀಟಿಂಗಿಗೆ ಬಂದು ಹಾಜರಿ ಹಾಕಿದರು. ನೀನು ಚೆನ್ನೈಯಲ್ಲಿ ಬೆಳೆದವಳು. ಕೋಪವೆಂದರೆ ನಿನಗೂ ಆ ಮೀನಿನ ಹೆಂಗಸಿನ ಕೋಪವೇ, ಅದು ಕಾಣದಿದ್ದರೆ ನಿನಗೂ ಎಲ್ಲ ಸರಿಯಿದ್ದ ಹಾಗೆ.

ಕಾರ್ತೀಕದಲ್ಲಿ ನಾನು ನಂಜನಗೂಡಿಗೆ ಬಂದಿದ್ದೆನಲ್ಲ, ಸಣ್ಣಮ್ಮನ ಮೊಮ್ಮಗುವಿನ ನಾಮಕರಣಕ್ಕೆ. ಸಣ್ಣಮ್ಮ ನನ್ನ ಬಾಲ್ಯದ ಪಕ್ಕದ ಮನೆಯವಳು, ನೀನು ಚಿಕ್ಕವ್ವ ಎಂದು ಕರೆಯುವವಳು, ನಿನ್ನ ಸಂಘದ ಮೊದಲ ಸದಸ್ಯೆ. ನೀನು ಒಂದು ಗಳಿಗೆ ಬಂದು ಮಗುವನ್ನು ಎತ್ತಿ, ಮೀಟಿಂಗ್ ಇದೆ ಎಂದು ಹೋದೆ. ನಾನು ಅವಳ ಮನೆಯಲ್ಲೇ ಉಳಿದೆ. ಮಾರನೇ ಬೆಳಿಗ್ಗೆ ಹಿತ್ತಲಿನಲ್ಲಿ ಸಣ್ಣಮ್ಮ ಕೋಳಿಗೆ ಕಾಳು ಹಾಕುತ್ತಿದ್ದಳು. ನಾನು ಅಡುಗೆಮನೆಯ ಕಿಟಕಿಯ ಹತ್ತಿರ ಕಾಫಿ ಹಿಡಿದು ನಿಂತಿದ್ದೆ. ನಾನು ಅಲ್ಲಿರುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಕೋಳಿಗೆ ಶುರು ಮಾಡಿದಳು.

‘ಬಂದ್ಯಾ ನಮ್ಮವ್ವ. ಸಂಜೆ ನಲ್ಲೀಲಿ ನೀರ್ ಬರೋ ಹೊತ್ಗೇ ಸರ್ಯಾಗಿ ಬತ್ತೀಯ. ಎರಡ್ ದಿನಕ್ಕೊಂದ್ ಸಲ ಬರೋ ನೀರು. ಬಿಂದ್ಗೆ ಬರಿದು ಮಡಿಕ್ಕಂಡು ನಿನ್ ಕೊಕ್ಕೊಕ್ಕೋ ಕೇಳ್ಕಂಡು ಕುಂತಿರ್ಬೇಕು ನಾವು. ಆಮೇಲೆ ಮನೇಲಿ ಅತ್ತೆ ತಾವ ನಾವ್ ಉಗಿಸ್ಕಬೇಕು. ನಿಂಗೇನಾರ ಅಂದ್ರೆ ಮಕ ಚಿಕ್ಕದ್ ಮಾಡ್ಕತ್ತೀಯ ಅಂತ ಸುಮ್ಕಿವಿ ಕಣೆ. ಒಳ್ಳೇವ್ಳು ನೀನು, ಆದ್ರೆ ನಮ್ ಮನೆ ನೀರ್ ಯಾವಾಗ್ ಬತ್ತದೆ ಅಂತ ಒಂದಿನ ಕೇಳಿದ್ಯಾ?’

ಕೋಳಿ ಕಾಳು ತಿನ್ನುತ್ತಿತ್ತು. ನನ್ನ ಕಾಫಿ ಆರಿಹೋಯಿತು. ಸಣ್ಣಮ್ಮ ಒಳಗೆ ಬಂದು, ರೊಟ್ಟಿ ತಟ್ಟಲಾ ಅಕ್ಕಯ್ಯ ಎಂದು ನಕ್ಕಳು. ನಾನೂ ನಕ್ಕೆ. ನಾವಿಬ್ಬರೂ ಆ ವಿಷಯ ಆಡಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ. ಅವಳು ನನಗೆ ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಅವತ್ತು ಸಂಜೆ ನಿನ್ನ ಮೀಟಿಂಗಿಗೆ ಅವಳು ಎಲ್ಲರಿಗಿಂತ ಮೊದಲೇ ಹೋಗಿ ಮುಂದಿನ ಸಾಲಿನಲ್ಲಿ ಕೂತಳು. ಅವಳ ಬಿಂದಿಗೆಗಳನ್ನು ನಾನು ತುಂಬಿಸಿದೆ. ಬೀದಿಯ ನಲ್ಲಿಯ ಹತ್ತಿರ ಹೆಂಗಸರೇ ಇರಲಿಲ್ಲ, ಮುದುಕರೂ ಮಕ್ಕಳೂ ಕೊಡ ಎಳೆದಾಡುತ್ತಿದ್ದರು. ಆ ನೀರು ಬೇಗ ನಿಂತುಹೋಗುತ್ತದೆ ಎಂಬುದು ನಿನಗೆ ಗೊತ್ತಿದೆಯೆ?

ಆಗಲೇ ನಿನಗೆ ಹೇಳಬೇಕಿತ್ತು ಎನ್ನುತ್ತೀಯ. ಹೇಳಲು ಫೋನ್ ಮಾಡಿದ್ದೆ. ನೀನು ಮೀಟಿಂಗಿನಲ್ಲಿದ್ದೆ.

ಹೋದ ಭಾನುವಾರ ಕುರ್ಚಿ ಮುಗಿಸಿ ತಿರುಮಲ ಮತ್ತೆ ಬಂದ. ಈ ಸಲ ಮುಖ ಅರಳಿರಲಿಲ್ಲ. ಕಾಫಿ ಮುಟ್ಟಲಿಲ್ಲ. ‘ಅಮ್ಮಾ, ಒಂದು ಸಂದೇಹ ಇದೆ. ಉಳ್ಳದ್ದನ್ನ ಹೇಳಬೇಕು ನೀವು. ಆ ಊರಲ್ಲಿ ಯಾಕೆ ಒಬ್ಬರೂ ನನ್ನ ತಿಟ್ಟಲಿಲ್ಲೆ?’ ಎಂದ. ಇಷ್ಟು ದೊಡ್ಡ ಊರಿನಲ್ಲಿ ಒಂದು ಚರಂಡಿಯೂ ಕಟ್ಟಿಕೊಂಡಿರುವುದಿಲ್ಲವೆ, ಒಬ್ಬನ ಪೆನ್ಷನ್ನೂ ನಿಂತಿರುವುದಿಲ್ಲವೆ, ಎಲ್ಲೋ ನನಗೆ ಕೇಳಿಸುತ್ತಿಲ್ಲ ಎಂದ. ನೋಡು, ಅವನಿಗೆ ಅನುಮಾನ ಬರಲು ಒಂದು ವಾರ ಸಾಕಾಯಿತು. ನನ್ನ ಮನಸ್ಸಿನಲ್ಲಿ ಸಣ್ಣಮ್ಮನ ಕೋಳಿ ಬಂದು ನಿಂತಿತು. ಹೇಳಿದ್ದರೆ ಅವನು ಕುರ್ಚಿ ಮಡಿಸಿಟ್ಟು ನಿಮ್ಮೂರಿನ ಹಿತ್ತಲುಗಳ ಪಕ್ಕ ನಡೆದು ಹೋಗುವುದನ್ನು ಕಲಿಯುತ್ತಿದ್ದ. ಕಲಿಯುವವನೇ ಅವನು. ಕಲಿತರೆ ನಿನ್ನ ಟಿಕೆಟ್ ಹೋಗುತ್ತಿತ್ತು. ನಾನು, ನಮ್ಮ ಕಡೆ ಜನ ಸಾಧು ಕಣಪ್ಪಾ, ಇನ್ನೇನಿಲ್ಲ ಎಂದೆ. ಅವನು ನನ್ನ ಮುಖವನ್ನೇ ನೋಡಿದ. ನಾನು ಸುಳ್ಳು ಹೇಳಿದ್ದು ಅವನಿಗೆ ತಿಳಿಯಿತೆಂದು ನನಗೆ ಅನುಮಾನ. ಲೋಟ ತೊಳೆದಿಟ್ಟು ಹೋದ.

ಹಾಗಾದರೆ ನನ್ನ ಉತ್ತರ ಏನು ಎಂದು ಕೇಳುತ್ತೀಯ. ಇಲ್ಲಿನ ಪ್ರೀತಿ ಅಲ್ಲಿಗೆ ಬರುತ್ತದೆಯೆ? ಕುರ್ಚಿ ಬರುವುದಿಲ್ಲ. ಕುರ್ಚಿಯನ್ನು ಟೆಂಪೋದಲ್ಲಿ ಹಾಕಿ ತರಬಹುದು, ಬೈಯುವ ಬಾಯಿಯನ್ನು ತರಲಾಗುವುದಿಲ್ಲ. ಆದರೆ ಬೈಸಿಕೊಳ್ಳಬೇಕೆಂಬ ಆಸೆ ಇದೆಯಲ್ಲ, ಅದು ಬರುತ್ತದೆ, ಅದಕ್ಕೆ ಭಾಷೆಯೂ ಬೇಡ, ಊರೂ ಬೇಡ. ಅವನಿಗೆ ಆ ಆಸೆ ಇದೆ ಎಂದು ಒಪ್ಪಿಕೊಳ್ಳಲು ನನಗೆ ಹೊಟ್ಟೆಕಿಚ್ಚಾಗುತ್ತದೆ. ನಿನಗೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದೇ ನನ್ನ ಭಯ. ಟಿಕೆಟ್ ತೆಗೆದುಕೊಂಡು, ಮುಂದಿನ ಸಾಲಿನಲ್ಲಿ ಕೂತ ಹೆಂಗಸರನ್ನು ಎಣಿಸಿಕೊಂಡು, ಗೆದ್ದೆ ಎಂದು ನಂಬಿ ನೀನು ಸೋತರೆ, ಆ ಸೋಲಿನ ಕಾರಣವನ್ನೂ ನಿನಗೆ ಯಾರೂ ಹೇಳುವುದಿಲ್ಲ. ಕಾಫಿ ಕೊಟ್ಟು ಸಮಾಧಾನ ಮಾಡುತ್ತಾರೆ. ನಿನ್ನ ಏಳು ವರ್ಷ ಆ ಕಾಫಿಯಲ್ಲಿ ಮುಳುಗುವುದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಅದಕ್ಕೆ ಹೇಳುತ್ತೇನೆ, ಸಮಿತಿಗೆ ಉತ್ತರ ಕೊಡುವ ಮೊದಲು ಮೀಟಿಂಗಿನ ಹೊತ್ತು ಬದಲಿಸು. ಯಾಕೆ ಎಂದು ಯಾರಿಗೂ ವಿವರಣೆ ಕೊಡಬೇಡ, ಸಣ್ಣಮ್ಮನ ಹೆಸರಂತೂ ಎತ್ತಲೇಬೇಡ, ಅವಳ ಮರ್ಯಾದೆ ಉಳಿಯಲಿ. ನೀರು ಬರುವ ಸಂಜೆ ನೀನೂ ಒಂದು ಬಿಂದಿಗೆ ಹಿಡಿದು ಸಾಲಿನಲ್ಲಿ ನಿಲ್ಲು. ಬಾಯಿ ತೆರೆಯಬೇಡ. ಹೆಂಗಸರು ನಲ್ಲಿಗೆ ಬೈಯುತ್ತಾರೆ, ಬಿಂದಿಗೆಗೆ ಬೈಯುತ್ತಾರೆ, ಬೀದಿ ನಾಯಿಗೆ ಬೈಯುತ್ತಾರೆ. ಕೇಳಿಸಿಕೋ. ಆಮೇಲೆ ತಿರುಮಲ ಬೇಕೋ ಬೇಡವೋ ಎಂದು ನಿನಗೇ ತಿಳಿಯುತ್ತದೆ. ಅವನು ಬರಲಿ ಎಂದೇ ನೀನು ಹೇಳಿದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಆಗ ಕೋಳಿಯ ವಿಷಯವನ್ನು ಅವನಿಗೆ ನಾನೇ ಹೇಳುತ್ತೇನೆ. ನಾನು ಅವನಿಗೆ ಒಂದು ನಿಜ ಬಾಕಿ ಉಳಿಸಿಕೊಂಡಿದ್ದೇನೆ.

ಚಟ್ನಿಪುಡಿಗೆ ಈ ಸಲ ಖಾರ ಸ್ವಲ್ಪ ಮುಂದಾಗಿದೆ, ಮೊಸರು ಹಾಕಿಕೊಂಡು ತಿನ್ನು. ನಿಮ್ಮಪ್ಪನ ಮೀಸೆ ಇದ್ದ ಹಾಗೆಯೇ ಇದೆ.

ಅನುಮಾನ ಎಷ್ಟಿದ್ದರೂ ನಿನ್ನನ್ನೇ ನೆಚ್ಚಿಕೊಂಡಿರುವ
ನಿನ್ನ ಅಮ್ಮ,
ನಂಜಮ್ಮಣ್ಣಿ

ಮರೆತಿದ್ದ ಮಾತು: ತಿರುಮಲನ ತಾಯಿ ಅವನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡರು. ನಾನು ಅವರ ಮುಖವನ್ನೂ ನೋಡಿಲ್ಲ. ಆ ಭಾಗ ಓದುವಾಗ ಕುಂಬಳಕಾಯಿ ಕಳ್ಳನ ಹಾಗೆ ನಿನ್ನ ಕೈ ಹೆಗಲಿಗೆ ಹೋಗಿದ್ದರೆ, ನಾನು ಬರೆದದ್ದು ಸರಿಯಾಗಿದೆ ಎಂದು ಅರ್ಥ. ಹೋಗದಿದ್ದರೆ ಇನ್ನೊಂದು ಸಲ ಓದು. ನನ್ನ ಬಲಗಣ್ಣು ಈಗ ಚೆನ್ನಾಗಿದೆ, ಕೆಲಸಕ್ಕೆ ಹೋಗುತ್ತಿದ್ದೇನೆ. ಸಣ್ಣ ಅಕ್ಷರ ಬರೆಯಲು ಮಾತ್ರ ಇನ್ನೂ ಕಷ್ಟ, ಪೆನ್ನು ಹಳೆಯದೇ. ಆಪರೇಷನ್ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನಿಮ್ಮಪ್ಪ ಕೂತಿದ್ದರು, ಅವರ ಪಕ್ಕದಲ್ಲಿ ತಿರುಮಲ ಕೂತಿದ್ದ. ನಿನಗೆ ಹೇಳುತ್ತೇನೆ ಎಂದು ಅವನು ಹಟ ಹಿಡಿದ, ನಾನೇ ಆಣೆ ಹಾಕಿ ತಡೆದೆ. ಚಟ್ನಿಪುಡಿ ಖಾಲಿಯಾದ ಮೇಲೆ ಡಬ್ಬಿಯನ್ನು ಕೊರಿಯರ್ ಮಾಡಬೇಡ, ನೀನೇ ತಂದುಕೊಡು. ಬಾಗಿಲ ಬಳಿ ಕುರ್ಚಿ ಇನ್ನೂ ಹಾಗೇ ಇದೆ. ಬಂದು ಕೂರು. ನನಗೆ ಕೋಳಿ ಸಾಕಾಗಿದೆ ಮಗಳೇ, ಎದುರಿಗೇ ಬೈಯುತ್ತೇನೆ.